ಬೊಜ್ಜಿನ ಶಸ್ತ್ರಚಿಕಿತ್ಸೆ: ಆಸ್ಪತ್ರೆಯ ಪಾಠ ಮನೆಯವರಿಗೂ ಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ನನ್ನ ರೋಗಿಯೊಬ್ಬರನ್ನು ನೋಡಿಬರಲು ಹೋಗಿದ್ದೆ. ಆಕೆ ನಮ್ಮೂರಿನ ಪ್ರೌಢಶಾಲೆಯ ಶಿಕ್ಷಕಿ. ವಯಸ್ಸು 41, ಎತ್ತರ 156 ಸೆಂಟಿಮೀಟರ್, ತೂಕ 112 ಕಿಲೋ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ, ಮೆಟ್ಟಿಲು ಹತ್ತಲು ಬಿಡದ ಮಂಡಿನೋವು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಜಠರವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಹಿಂದಿನ ದಿನವಷ್ಟೇ ಆಗಿತ್ತು.

ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಪದ್ಧತಿಯಲ್ಲವಲ್ಲ? ದಾರಿಯಲ್ಲಿ ಒಂದು ಡಜನ್ ಸೇಬು, ಅರ್ಧ ಡಜನ್ ಮೂಸಂಬಿ, ಒಂದು ಬಾಟಲಿ ಹಾರ್ಲಿಕ್ಸ್ ಕಟ್ಟಿಸಿಕೊಂಡೆ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ನನ್ನ ಚೀಲವನ್ನು ನೋಡಿ ನಕ್ಕರು. "ಇದನ್ನೆಲ್ಲ ಯಾರು ತಿನ್ನಬೇಕು ಸರ್?" ಎಂದು ಕೇಳಿದರು. ನಾನೂ ಒಬ್ಬ ಡಾಕ್ಟರ್ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಒಳಗೆ ಆಕೆಯ ತಾಯಿ ಟಿಫಿನ್ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ಎರಡು ದಿನದಿಂದ ಹೊಟ್ಟೆಗೆ ಏನೂ ಇಲ್ಲ ಡಾಕ್ಟ್ರೇ. ಒಂದು ಲೋಟ ನೀರನ್ನೂ ನೆಮ್ಮದಿಯಾಗಿ ಕುಡಿಯೋಕೆ ಬಿಡ್ತಿಲ್ಲ" ಎಂದು ಕಣ್ಣೀರು ಹಾಕಿದರು. ನಾಲ್ಕು ಸಮಾಧಾನದ ಮಾತು ಹೇಳಿ ನಾನು ಊರಿನ ಬಸ್ಸು ಹಿಡಿದೆ. ಆ ಸಂಜೆ ಅವರು, "ಒಂದೇ ತುತ್ತು ಕಣೇ" ಎಂದು ಮಗಳಿಗೆ ಎರಡು ಚಮಚ ಮೊಸರನ್ನ ತಿನ್ನಿಸಿದರು. ಅಮ್ಮನ ಮನಸ್ಸು ನೋಯಿಸಲಾರದೆ ಮಗಳು ನುಂಗಿದರು. ಅರ್ಧ ಗಂಟೆಯಲ್ಲಿ ಎದೆಯ ಕೆಳಗೆ ಹಿಂಡಿದಂತೆ ನೋವು, ಮೇಲಿಂದ ಮೇಲೆ ವಾಂತಿ, ನಾಡಿಬಡಿತ ಏರಿತು. ರಾತ್ರಿ ಹನ್ನೊಂದಕ್ಕೆ ಶಸ್ತ್ರಚಿಕಿತ್ಸಕರು ಮನೆಯಿಂದ ಬಂದರು. ಸಿ.ಟಿ. ಸ್ಕ್ಯಾನ್ ಆಯಿತು. ಪುಣ್ಯಕ್ಕೆ ಹೊಲಿಗೆ ಬಿಟ್ಟಿರಲಿಲ್ಲ. ಆಸ್ಪತ್ರೆಯ ವಾಸ ಎರಡು ದಿನ ಹೆಚ್ಚಾಗಿದ್ದಷ್ಟೇ ನಷ್ಟ.

ಆ ತಾಯಿಯನ್ನು ನಾನು ದೂರುವುದಿಲ್ಲ. ಸೇಬು ಹೊತ್ತುಕೊಂಡು ಹೋದ ನನಗೆ ಆ ಹಕ್ಕೂ ಇಲ್ಲ. ಆದರೆ ಅಂದಿನಿಂದ ಒಂದು ಅಭಿಪ್ರಾಯ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಈ ಶಸ್ತ್ರಚಿಕಿತ್ಸೆಯ ನಂತರದ ಆಸ್ಪತ್ರೆಯ ದಿನಗಳು ಬರಿಯ ವಿಶ್ರಾಂತಿಯ ದಿನಗಳಲ್ಲ, ಪಾಠದ ದಿನಗಳು. ಆ ಪಾಠ ರೋಗಿಗಷ್ಟೇ ಆದರೆ ಸಾಲದು, ಮನೆಯಲ್ಲಿ ಒಲೆಯ ಮುಂದೆ ನಿಲ್ಲುವವರಿಗೂ ಆಗಬೇಕು, ಅದೂ ಅವರ ಮಾತಿನಲ್ಲಿ ಆಗಬೇಕು. ಮನೆಯವರು ಕಲಿಯುವ ತನಕ ರೋಗಿಯನ್ನು ಮನೆಗೆ ಕಳಿಸಬಾರದು. ಇದನ್ನು ಏಕೆ ಇಷ್ಟು ಒತ್ತಿ ಹೇಳುತ್ತೇನೆಂಬುದನ್ನು ಇವತ್ತು ವಿವರಿಸುತ್ತೇನೆ.

ಇದು ಸೌಂದರ್ಯದ ಚಿಕಿತ್ಸೆಯಲ್ಲ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳೋಣ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಬೇರೆ, ಈ ಶಸ್ತ್ರಚಿಕಿತ್ಸೆ ಬೇರೆ. ಇಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಜಠರವನ್ನೋ, ಜಠರ ಮತ್ತು ಸಣ್ಣ ಕರುಳು ಎರಡನ್ನೋ ಬದಲಾಯಿಸುತ್ತಾರೆ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರಚಿಕಿತ್ಸಕರು ಇಂಥ ಬೈಪಾಸ್ ವಿಧಾನವನ್ನು ಮೊದಲು ಮಾಡಿದರು. ಇಂದು ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ಈ ಕೆಲಸ ಮುಗಿಸುತ್ತಾರೆ.

ಯಾರಿಗೆ ಇದು ಬೇಕು? ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ಬಿ.ಎಂ.ಐ. ಎನ್ನುತ್ತೇವೆ. ನಮ್ಮ ಶಿಕ್ಷಕಿಯದು 46. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ. 1991ರ ಅಮೆರಿಕದ ಸೂತ್ರದಂತೆ 40ಕ್ಕಿಂತ ಹೆಚ್ಚಿದ್ದರೆ, ಅಥವಾ ಸಕ್ಕರೆ ಕಾಯಿಲೆಯಂಥ ತೊಂದರೆಯೊಂದಿಗೆ 35 ಇದ್ದರೆ ಶಸ್ತ್ರಚಿಕಿತ್ಸೆ ಯೋಚಿಸಬಹುದಿತ್ತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಈ ಮಿತಿಯನ್ನು ಇಳಿಸಿದವು. ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವ ಏಷ್ಯಾದವರಿಗೆ ಮಿತಿ ಇನ್ನೂ ಕೆಳಗಿರಬೇಕೆಂದೂ ಹೇಳಿದವು. ಅಂಕಿ ಯಾವುದೇ ಇರಲಿ, ಊಟ, ವ್ಯಾಯಾಮ, ಔಷಧಗಳ ಪ್ರಯತ್ನ ಮಾಡಿ ನೋಡಿದ ಮೇಲೆ, ನಿಮ್ಮ ವೈದ್ಯರೊಂದಿಗೆ ಕುಳಿತು ತೀರ್ಮಾನಿಸಬೇಕಾದ ವಿಷಯವಿದು. 2025ರಲ್ಲಿ ನಮ್ಮ ದೇಶಕ್ಕೂ ಬಂದಿರುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಸುವ ಇಂಜೆಕ್ಷನ್‌ಗಳನ್ನು ನೀವು ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ತಿಳಿಸಿ. ಆ ಔಷಧದಿಂದ ಜಠರ ನಿಧಾನವಾಗಿ ಖಾಲಿಯಾಗುತ್ತದೆ.

ಇನ್ನೊಂದು ಮಾತು. ಆ ಶಿಕ್ಷಕಿಗೆ ನಾನು ಹತ್ತು ವರ್ಷ ಕೊಟ್ಟ ಸಲಹೆ ಒಂದೇ: "ಬಾಯಿ ಕಟ್ಟಿ ಅಮ್ಮಾ, ಎಲ್ಲ ಸರಿಹೋಗುತ್ತೆ." ಆಕೆ ಕಟ್ಟಿದರು. ಎಂಟು ಕಿಲೋ ಇಳಿದು ಹತ್ತು ಕಿಲೋ ಏರಿದರು. ಹಸಿವು ಬರಿಯ ಬಾಯಿಚಪಲವಲ್ಲ. ಜಠರದಲ್ಲಿ ಹುಟ್ಟಿ ಮೆದುಳಿಗೆ "ಹಸಿವು, ಹಸಿವು" ಎಂದು ಹೇಳುವ ಘ್ರೆಲಿನ್ ಎಂಬ ರಸದೂತವನ್ನು ಜಪಾನಿನ ವಿಜ್ಞಾನಿಗಳು 1999ರಲ್ಲೇ ಗುರುತಿಸಿದ್ದಾರೆ. ತೂಕ ಇಳಿದಷ್ಟೂ ಅದರ ಕೂಗು ಜೋರಾಗುತ್ತದೆ. ಜಠರದ ದೊಡ್ಡ ಭಾಗವನ್ನು ತೆಗೆದಾಗ ಆ ಕೂಗು ತಗ್ಗುತ್ತದೆ. ಆದ್ದರಿಂದ "ಬಾಯಿ ಕಟ್ಟಲಾಗದವರು ಹೊಟ್ಟೆ ಕೊಯ್ಸಿಕೊಂಡರು" ಎಂಬ ಕುಹಕವನ್ನು ದಯವಿಟ್ಟು ಆಸ್ಪತ್ರೆಯ ಮೆಟ್ಟಿಲ ಕೆಳಗೇ ಬಿಟ್ಟುಬನ್ನಿ.

ಒಳಗೆ ಏನಾಗಿರುತ್ತದೆ?

ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಎರಡು ವಿಧಾನ. ಮೊದಲನೆಯದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಅದರಲ್ಲಿ ಹಿಡಿಸುವುದು ಸುಮಾರು 100ರಿಂದ 150 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು. ಎರಡನೆಯದು ಬೈಪಾಸ್. ಇದರಲ್ಲಿ ಜಠರದ ತುದಿಯಲ್ಲಿ ದೊಡ್ಡ ನೆಲ್ಲಿಕಾಯಿ ಗಾತ್ರದ ಸಣ್ಣ ಚೀಲವನ್ನು ಮಾತ್ರ ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಕತ್ತರಿಸಿದ ಅಂಚನ್ನು ಸಣ್ಣ ಲೋಹದ ಪಿನ್ನುಗಳ ಸಾಲು ಹಿಡಿದಿಡುತ್ತದೆ.

ಹೊರಗೆ ನೋಡಿದರೆ ನಾಲ್ಕೈದು ಸಣ್ಣ ಪಟ್ಟಿ. ಅದನ್ನು ನೋಡಿ "ಇಷ್ಟೇನಾ?" ಎನ್ನುತ್ತೇವೆ. ಒಳಗಿರುವುದು ಒಂದು ಗೇಣು ಉದ್ದದ ಹಸಿ ಗಾಯ. ಹೊಸದಾಗಿ ಕಟ್ಟಿದ ಕೆರೆ ಏರಿಯನ್ನು ನೆನೆಸಿಕೊಳ್ಳಿ. ಮಣ್ಣು ಕೂತು ಗಟ್ಟಿಯಾಗುವ ಮೊದಲೇ ಕೆರೆ ತುಂಬಿಸಿದರೆ ಏರಿ ಎಲ್ಲಿ ಸಡಿಲವಿದೆಯೋ ಅಲ್ಲಿ ನೀರು ಜಿನುಗುತ್ತದೆ. ಜಠರದ ಹೊಲಿಗೆಯೂ ಹಾಗೆಯೇ. ಅದು ಕೂಡಿಕೊಳ್ಳಲು ವಾರಗಳು ಬೇಕು. ಹೊಲಿಗೆ ಸೋರುವುದು ಅಪರೂಪ, ಅನುಭವಿಗಳ ಕೈಯಲ್ಲಿ ನೂರಕ್ಕೆ ಒಂದೆರಡು ಮಾತ್ರ. ಜೀವಾಪಾಯವಂತೂ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಷ್ಟೇ ಕಡಿಮೆ. ಹಾಗೆಂದು ಆ ಒಂದೆರಡರಲ್ಲಿ ನಮ್ಮವರೇ ಆಗಬೇಕೆ? ಅದಕ್ಕೇ ಈ ಎಚ್ಚರ.

ಮಲಗಿಸಬೇಡಿ, ನಡೆಸಿ

ಶಸ್ತ್ರಚಿಕಿತ್ಸೆಯಾದ ಸಂಜೆಯೇ ಸಿಸ್ಟರ್ ಬಂದು, "ಏಳಿ, ನಡೆಯೋಣ" ಎನ್ನುತ್ತಾರೆ. ಬಂಧುಗಳಿಗೆ ಇದು ನಿರ್ದಯೆಯಂತೆ ಕಾಣುತ್ತದೆ. "ಪಾಪ, ಮಲಗಲಿ ಬಿಡಿ ಸಿಸ್ಟರ್" ಎಂದು ಅಡ್ಡ ಬರುತ್ತಾರೆ. ದಯವಿಟ್ಟು ಬರಬೇಡಿ. ದಪ್ಪ ದೇಹದವರಲ್ಲಿ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಕಾಲಿಗೆ ಬಿಗಿಯಾದ ಸ್ಟಾಕಿಂಗ್, ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪಾರಿನ್ ಇಂಜೆಕ್ಷನ್, ಮತ್ತು ನಡಿಗೆ, ಈ ಮೂರೂ ಅದನ್ನು ತಡೆಯಲೆಂದೇ ಇವೆ. ಮೊದಲೆರಡನ್ನು ಆಸ್ಪತ್ರೆ ಮಾಡುತ್ತದೆ. ಮೂರನೆಯದನ್ನು ರೋಗಿಯೇ ಮಾಡಬೇಕು.

ಮೂರು ಚೆಂಡಿರುವ ಪ್ಲಾಸ್ಟಿಕ್ ಸಾಧನವೊಂದನ್ನು ಕೈಗೆ ಕೊಟ್ಟು ಉಸಿರೆಳೆದು ಚೆಂಡು ಮೇಲೇರಿಸಲು ಹೇಳುತ್ತಾರೆ. ಅದನ್ನು ಮಕ್ಕಳ ಆಟಿಕೆ ಎಂದುಕೊಳ್ಳಬೇಡಿ. ನೋವಿಗೆ ಹೆದರಿ ಮೇಲುಮೇಲಿನ ಉಸಿರಾಡಿದರೆ ಶ್ವಾಸಕೋಶದ ಕೆಳಭಾಗ ಮುದುಡಿ ಕಫ ಕಟ್ಟಿ ನ್ಯುಮೋನಿಯ ಬರುತ್ತದೆ. ರೋಗಿ ಮರೆತಾಗ ನೆನಪಿಸುವ ಕೆಲಸವನ್ನು ಪಕ್ಕದಲ್ಲಿ ಕುಳಿತವರು ಮಾಡಬಹುದು. ತಲೆಯ ಭಾಗ ಎತ್ತರವಾಗಿರುವಂತೆ ಮಂಚವನ್ನು ಏರಿಸಿಡಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವವರು ಮನೆಯಲ್ಲಿ ಮುಖಕ್ಕೆ ಹಾಕಿಕೊಳ್ಳುವ ಗಾಳಿಯಂತ್ರವನ್ನು ಆಸ್ಪತ್ರೆಗೂ ಒಯ್ಯಬೇಕು. ನೋವು ಶಮನದ ಕೆಲವು ಔಷಧಗಳು ಉಸಿರಾಟವನ್ನು ಇನ್ನಷ್ಟು ಮಂದಗೊಳಿಸುವುದರಿಂದ ಆ ಯಂತ್ರ ಅತ್ಯಗತ್ಯವಾಗಿ ಬೇಕಾಗುವುದು ಆ ರಾತ್ರಿಗಳಲ್ಲೇ.

ಭುಜದ ನೋವಿನ ಬಗ್ಗೆಯೂ ಒಂದು ಮಾತು. ಹೊಟ್ಟೆಯೊಳಗೆ ಜಾಗ ಮಾಡಿಕೊಳ್ಳಲು ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿರುತ್ತಾರೆ. ಅದು ಒಂದಿಷ್ಟು ಉಳಿದು ವಪೆಯನ್ನು ಕೆರಳಿಸುವುದರಿಂದ ಮೊದಲ ಒಂದೆರಡು ದಿನ ಭುಜ ನೋಯುತ್ತದೆ. ನಡೆದಂತೆಲ್ಲ ಕಡಿಮೆಯಾಗುತ್ತದೆ. ಕಡಿಮೆಯಾಗದೆ ಹೆಚ್ಚುತ್ತಾ ಹೋದರೆ ಮಾತ್ರ ಅದು ಬೇರೆಯೇ ಸೂಚನೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಗುಟುಕು ಗುಟುಕಾಗಿ

ಕುಡಿಯಲು ಅನುಮತಿ ಸಿಕ್ಕ ಮೇಲೆ ಔಷಧದ ಬಾಟಲಿಯ ಮುಚ್ಚಳದಂಥ ಸಣ್ಣ ಅಳತೆ ಲೋಟ ಬರುತ್ತದೆ. ಅದರಲ್ಲಿ 30 ಮಿಲಿಲೀಟರ್ ನೀರನ್ನು ಕಾಲು ಗಂಟೆಯಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಗಂಟೆಗೆ ನಾಲ್ಕು ಮುಚ್ಚಳ. ಹೀಗೇ ಎಚ್ಚರವಿದ್ದಷ್ಟು ಹೊತ್ತೂ ಕುಡಿಯುತ್ತಾ ಹೋದರೆ ಕೆಲವೇ ದಿನಗಳಲ್ಲಿ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಬಹುದು. ಗಟಗಟನೆ ಕುಡಿಯುವ ಅಭ್ಯಾಸವಿರುವ ನಮಗೆ ಇದು ತಪಸ್ಸೇ ಸರಿ. ಆದರೆ ಗಟಗಟನೆ ಕುಡಿದದ್ದು ಗಟಗಟನೆಯೇ ಹೊರಗೆ ಬರುತ್ತದೆ. ಸ್ಟ್ರಾ ಬೇಡ, ಅದರಿಂದ ಗಾಳಿ ಒಳಗೆ ಹೋಗುತ್ತದೆ. ಸೋಡಾ ಬೇಡವೇ ಬೇಡ.

ಮುಂದಿನ ಆಹಾರಕ್ರಮ ಆಸ್ಪತ್ರೆಯಿಂದ ಆಸ್ಪತ್ರೆಗೆ ಕೊಂಚ ಬೇರೆಯಾಗಬಹುದು, ಕ್ರಮ ಮಾತ್ರ ಒಂದೇ. ಮೊದಲ ಒಂದೆರಡು ದಿನ ತಿಳಿಯಾದ ದ್ರವಗಳು: ನೀರು, ಎಳನೀರು, ಸೋಸಿದ ತಿಳಿಸಾರು. ಆಮೇಲೆ ಸುಮಾರು ಎರಡು ವಾರ ದ್ರವಾಹಾರವೇ: ನೀರುಮಜ್ಜಿಗೆ, ಕೆನೆ ತೆಗೆದ ಹಾಲು, ಹೆಸರುಬೇಳೆ ಕಟ್ಟು, ಸೋಸಿದ ತೆಳು ರಾಗಿ ಗಂಜಿ, ವೈದ್ಯರು ಹೇಳಿದ ಪ್ರೋಟೀನ್ ಪುಡಿ. ಆನಂತರ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು, ಆನಂತರ ಮೆತ್ತಗಿನದು. ಎಲ್ಲರಂತೆ ತಟ್ಟೆಗೆ ಕೂರುವುದು ಆರರಿಂದ ಎಂಟು ವಾರಗಳ ನಂತರ. ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಸಿಗಬೇಕೆಂಬುದು ಗುರಿ. ಬರಿಯ ಅನ್ನದ ಗಂಜಿ ಕುಡಿಸಿ "ಹೊಟ್ಟೆ ತುಂಬಿತು" ಎಂದರೆ ಆ ಗುರಿ ಮುಟ್ಟುವುದಿಲ್ಲ. ಕೊಬ್ಬಿನ ಜೊತೆ ಸ್ನಾಯುವೂ ಕರಗಿ ರೋಗಿ ನಿತ್ರಾಣವಾಗುತ್ತಾರೆ.

ಈಗ ಹೇಳಿ, ಇದನ್ನೆಲ್ಲ ಮನೆಯಲ್ಲಿ ಮಾಡುವವರು ಯಾರು? ರೋಗಿಯಲ್ಲ. ಹೆಂಡತಿ, ತಾಯಿ, ಅತ್ತೆ, ಅತ್ತಿಗೆ. ರೋಗಿ ಹೆಂಗಸಾದರೆ ಗಂಡ ಕೂಡ ಕಲಿಯಬೇಕು. ಶಸ್ತ್ರಚಿಕಿತ್ಸೆಯಾದ ವಾರಕ್ಕೇ ಆಕೆ ಮನೆಯವರಿಗೆಲ್ಲ ಚಪಾತಿ ಲಟ್ಟಿಸಿ, ತಾನು ಮಾತ್ರ ಕಟ್ಟು ಕುಡಿಯಬೇಕೆಂದರೆ ಅದು ನ್ಯಾಯವೇ?

ನಾಡಿ ಸುಳ್ಳು ಹೇಳುವುದಿಲ್ಲ

ಸಿಸ್ಟರ್ ಗಂಟೆ ಗಂಟೆಗೂ ಬಂದು ನಾಡಿ, ಜ್ವರ, ಉಸಿರು ಎಣಿಸಿ ಬರೆದುಕೊಳ್ಳುತ್ತಾರೆ. "ನಿದ್ದೆ ಮಾಡಲೂ ಬಿಡುವುದಿಲ್ಲ" ಎಂದು ಗೊಣಗಬೇಡಿ. ತೆಳ್ಳಗಿನವರ ಹೊಟ್ಟೆಯಲ್ಲಿ ಸೋರಿಕೆಯಾದರೆ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ದಪ್ಪಗಿನವರಲ್ಲಿ ಆ ಗುರುತು ಸಿಗದೇ ಹೋಗಬಹುದು. ಎಷ್ಟೋ ಸಲ ಮೊದಲ ಸುಳಿವು ಕೊಡುವುದು ನಾಡಿಯೇ. ವಿಶ್ರಾಂತಿಯಲ್ಲಿದ್ದಾಗಲೂ ನಿಮಿಷಕ್ಕೆ 120 ದಾಟಿ ಅಲ್ಲೇ ನಿಂತರೆ ವೈದ್ಯರು ಸುಮ್ಮನಿರುವುದಿಲ್ಲ. ಅದರ ಜೊತೆಗೆ ಜ್ವರ, ಉಸಿರಾಟದ ತೊಂದರೆ, ಹೆಚ್ಚುತ್ತಿರುವ ಹೊಟ್ಟೆನೋವು, ಎಡಭುಜದ ನೋವು, ಏನೋ ಸರಿಯಿಲ್ಲವೆಂಬ ಚಡಪಡಿಕೆ, ಇವುಗಳಲ್ಲಿ ಯಾವುದಿದ್ದರೂ ತುರ್ತು.

ಮುಖ್ಯವಾದ ಮಾತು ಇಲ್ಲಿದೆ. ಆಸ್ಪತ್ರೆಯ ವಾಸ ಸಾಮಾನ್ಯವಾಗಿ ಎರಡು ಮೂರು ದಿನ. ಸೋರಿಕೆಯಾದರೆ ಅದು ಕಾಣಿಸಿಕೊಳ್ಳುವುದು ಎಷ್ಟೋ ಸಲ ಐದನೆಯ ದಿನ, ಎಂಟನೆಯ ದಿನ, ಕೆಲವೊಮ್ಮೆ ಇನ್ನೂ ತಡವಾಗಿ. ಆಗ ರೋಗಿ ಮನೆಯಲ್ಲಿರುತ್ತಾರೆ, ಸಿಸ್ಟರ್ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ಮಣಿಕಟ್ಟಿನಲ್ಲಿ ನಾಡಿ ಎಣಿಸುವುದನ್ನು ಕಲಿತು ಬರಬೇಕು. ಗಡಿಯಾರ ನೋಡಿ ಒಂದು ನಿಮಿಷ ಎಣಿಸುವುದು ಅಷ್ಟೆ. ಐದನೆಯ ತರಗತಿಯ ಮಗುವೂ ಕಲಿಯಬಲ್ಲ ವಿದ್ಯೆ. "ಗ್ಯಾಸ್ ಇರಬೇಕು" ಎಂದು ಜೀರಿಗೆ ಕಷಾಯ ಕುಡಿಸಿ ಬೆಳಗಿನ ತನಕ ಕಾಯುವ ಕಾಯಿಲೆಯಲ್ಲ ಇದು.

ಹಳೆಯ ಮಾತ್ರೆಗಳ ಡಬ್ಬಿ

ಸಕ್ಕರೆ ಕಾಯಿಲೆಯವರಲ್ಲಿ ಒಂದು ಅಚ್ಚರಿ ಕಾಣುತ್ತದೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ರಕ್ತದ ಸಕ್ಕರೆ ಇಳಿಯತೊಡಗುತ್ತದೆ. ಬೈಪಾಸ್ ಆದವರಲ್ಲಿ ಇದು ಇನ್ನೂ ಸ್ಪಷ್ಟ. ಹೀಗಿರುವಾಗ ಮನೆಗೆ ಬಂದು ಹಳೆಯ ಡಬ್ಬಿ ತೆರೆದು, ಮೊದಲಿನಷ್ಟೇ ಇನ್ಸುಲಿನ್, ಮೊದಲಿನ ಗ್ಲಿಮಿಪಿರೈಡ್ ತೆಗೆದುಕೊಂಡರೆ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮುಂಚೆಯೇ ನಿಲ್ಲಿಸಿರುತ್ತಾರೆ. ವೈದ್ಯರು ಹೇಳುವ ತನಕ ಮತ್ತೆ ಆರಂಭಿಸಬಾರದು. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳೂ ಹಾಗೆಯೇ. ದ್ರವ ಕಡಿಮೆ ಹೋಗುತ್ತಿರುವ ದಿನಗಳಲ್ಲಿ ಅವು ದೇಹವನ್ನು ಒಣಗಿಸುತ್ತವೆ.

ಮಂಡಿನೋವಿಗೆಂದು ಔಷಧದ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಹೊಸ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲವು. ಬೈಪಾಸ್ ಆದವರಂತೂ ಇವುಗಳಿಂದ ದೂರವಿರಬೇಕು. ನೋವಿಗೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಸಾಕು. ಬೀಡಿ, ಸಿಗರೇಟಿನ ಮಾತಂತೂ ಎತ್ತಲೇಬೇಡಿ.

ಕಣ್ಣೀರಿಗೂ ಕಾರಣವಿದೆ

ಎರಡನೆಯ ದಿನವೋ ಮೂರನೆಯ ದಿನವೋ ಅನೇಕ ರೋಗಿಗಳು ಅಳುತ್ತಾರೆ. "ಯಾಕಾದರೂ ಮಾಡಿಸಿಕೊಂಡೆನೋ" ಎನ್ನುತ್ತಾರೆ. ಪಕ್ಕದ ಮಂಚದವರಿಗೆ ಬಂದ ಇಡ್ಲಿ ಸಾಂಬಾರಿನ ವಾಸನೆಗೆ ಕಣ್ಣು ತುಂಬಿ ಬರುತ್ತದೆ. ಹೊಟ್ಟೆಯ ಹಸಿವು ಇಳಿದಿರುತ್ತದೆ, ಮನಸ್ಸಿನ ಹಸಿವು ಇಳಿದಿರುವುದಿಲ್ಲ. ದುಃಖವಾದರೆ ಒಂದು ಕಾಫಿ, ಸಂತೋಷವಾದರೆ ಒಂದು ಮೈಸೂರುಪಾಕು, ಇದೇ ಅಲ್ಲವೇ ನಮ್ಮೆಲ್ಲರ ಅಭ್ಯಾಸ? ಆ ಆಸರೆ ಒಂದೇ ದಿನದಲ್ಲಿ ಕೈತಪ್ಪಿದಾಗ ಯಾರಿಗಾದರೂ ದಿಕ್ಕು ತೋಚುವುದಿಲ್ಲ. ಇದು ಸಹಜ, ಬಹುಮಂದಿಯಲ್ಲಿ ಕ್ರಮೇಣ ಕಳೆಯುತ್ತದೆ. ಕಳೆಯದಿದ್ದರೆ ಮನೋವೈದ್ಯರ ನೆರವು ಪಡೆಯಲು ನಾಚಿಕೆ ಬೇಡ.

ಆ ಹೊತ್ತಿಗೆ ಸರಿಯಾಗಿ ನೋಡಲು ಬರುವ ಬಂಧುಗಳ ಮಾತು ಕೇಳಬೇಕು. "ಇನ್ನು ಜೀವನಪೂರ್ತಿ ಹೀಗೇನಾ?" "ನಮ್ಮ ಓಣಿಯಲ್ಲಿ ಒಬ್ಬರಿಗೆ ಏನಾಯ್ತು ಗೊತ್ತಾ?" "ನಾಳೆ ಮಗಳ ಮದುವೆ ಊಟ ಮಾಡೋದು ಹೇಗೆ?" ಇಂಥ ಮಾತು ಆಡುವುದಾದರೆ ಬರದೇ ಇರುವುದೇ ಉಪಕಾರ.

ಇದರ ಭಯದಿಂದಲೇ ಎಷ್ಟೋ ಮಂದಿ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡುತ್ತಾರೆ. ಪಿತ್ತಕೋಶದ ಕಲ್ಲು ತೆಗೆಸಿದೆವೆಂದು ಹೇಳಿಕೊಳ್ಳುತ್ತಾರೆ. ನೆರೆಹೊರೆಗೆ ಹೇಳದಿರುವುದು ನಿಮ್ಮ ಇಷ್ಟ. ಆದರೆ ಇಬ್ಬರಿಗೆ ಮಾತ್ರ ಮುಚ್ಚಿಡಬಾರದು: ನಿಮಗೆ ಅಡುಗೆ ಮಾಡುವವರಿಗೆ, ಮತ್ತು ನಿಮ್ಮೂರಿನ ಡಾಕ್ಟರಿಗೆ.

ಕನ್ನಡದ ಒಂದು ಸಾಲು

ಡಾಕ್ಟರಿಗೆ ಏಕೆ ಎಂಬುದಕ್ಕೆ ನನ್ನದೇ ಇನ್ನೊಂದು ಅನುಭವ ಹೇಳುತ್ತೇನೆ. ಒಂದು ರಾತ್ರಿ ಒಂಬತ್ತೂವರೆಗೆ ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿಗೆ ಯುವಕನೊಬ್ಬನನ್ನು ಆಟೋದಲ್ಲಿ ಕರೆತಂದರು. ಎರಡು ವಾರದಿಂದ ವಾಂತಿ, ಏನು ಕುಡಿದರೂ ನಿಲ್ಲುತ್ತಿಲ್ಲ. ಎರಡು ದಿನದಿಂದ ನಡೆದರೆ ತೂರಾಡುತ್ತಾನೆ, ಎದುರಿಗಿದ್ದದ್ದು ಎರಡೆರಡಾಗಿ ಕಾಣುತ್ತದೆ ಎಂದರು. ಬೇರೆ ಊರಿನಲ್ಲಿ ತಿಂಗಳ ಹಿಂದೆ "ಹೊಟ್ಟೆಯ ಆಪರೇಷನ್" ಆಗಿದೆ ಎಂದಷ್ಟೇ ಅವನ ಅಣ್ಣ ಹೇಳಿದರು. ನಾಲಿಗೆ ಒಣಗಿತ್ತು, ಬಿ.ಪಿ. ಇಳಿದಿತ್ತು. ನನ್ನ ಕೈ ತಾನಾಗಿ ಗ್ಲೂಕೋಸ್ ಬಾಟಲಿಯ ಕಡೆಗೆ ಹೋಯಿತು. ನಮ್ಮ ಊರುಗಳಲ್ಲಿ ಸುಸ್ತಾದವರಿಗೆ ಮೊದಲ ಮರ್ಯಾದೆಯೇ ಅದಲ್ಲವೇ?

"ಸರ್, ಒಂದು ನಿಮಿಷ" ಎಂದು ಅವನ ಹೆಂಡತಿ ಚೀಲದಿಂದ ಒಂದು ಕಾಗದ ತೆಗೆದಳು. ಆಸ್ಪತ್ರೆಯ ಬಿಡುಗಡೆ ಪತ್ರ. ಮೂರು ಪುಟ ಒತ್ತೊತ್ತಾದ ಇಂಗ್ಲಿಷ್. ಕೊನೆಯ ಪುಟದ ಹಿಂಬದಿಯಲ್ಲಿ ಯಾರೋ ಸಿಸ್ಟರ್ ಪೆನ್ನಿನಿಂದ ಬರೆದುಕೊಟ್ಟಿದ್ದ ಕನ್ನಡದ ಸಾಲು: "ವಾಂತಿ ನಿಲ್ಲದಿದ್ದರೆ ಬಿ-1 ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ." ಅದರ ಕೆಳಗೆ ಒಂದು ಫೋನ್ ನಂಬರ್.

ಆ ಸಾಲಿನ ಅರ್ಥ ಇಷ್ಟು. ಬಿ-1 ಅಂದರೆ ಥಯಮಿನ್ ಎಂಬ ಜೀವಸತ್ವ. ದೇಹದಲ್ಲಿ ಅದರ ದಾಸ್ತಾನು ಕೆಲವು ವಾರಗಳಿಗೆ ಸಾಲುವಷ್ಟು ಮಾತ್ರ. ತಿನ್ನುವುದು ಕಡಿಮೆಯಾಗಿ, ವಾಂತಿಯೂ ಸೇರಿದರೆ ಅದು ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಬರಿಯ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ನಡಿಗೆ, ನೆನಪು ಶಾಶ್ವತವಾಗಿ ಹೋಗಬಹುದು. 1881ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ ಕಾಯಿಲೆ ಇದು. ಎಂ.ಬಿ.ಬಿ.ಎಸ್. ಓದುವಾಗ ಮದ್ಯವ್ಯಸನಿಗಳ ಕಾಯಿಲೆ ಎಂದು ಕಲಿತಿದ್ದೆ. ಕುಡಿತದ ಅಭ್ಯಾಸವೇ ಇಲ್ಲದ ಹುಡುಗನಲ್ಲಿ ಅದನ್ನು ನಿರೀಕ್ಷಿಸಿರಲಿಲ್ಲ. ಮೊದಲು ಥಯಮಿನ್ ಕೊಟ್ಟೆ, ಆ ನಂಬರಿಗೆ ಫೋನ್ ಮಾಡಿದೆ, ಅವರು ಹೇಳಿದಂತೆ ಆಂಬುಲೆನ್ಸಿನಲ್ಲಿ ಕಳಿಸಿದೆ. ಹುಡುಗ ಗುಣವಾದ. ಅವನನ್ನು ಉಳಿಸಿದ್ದು ನನ್ನ ಪದವಿಯಲ್ಲ. ಆ ಸಿಸ್ಟರ್ ಬರೆದ ಒಂದು ಸಾಲು, ಅದನ್ನು ಜೋಪಾನ ಮಾಡಿದ ಹೆಂಡತಿ.

ಅದಕ್ಕೇ ನಾನು ಆಸ್ಪತ್ರೆಗಳನ್ನು ಕೇಳುವುದು ಇಷ್ಟೆ. ರೋಗಿಯ ಮನೆಯವರು ಲಕ್ಷಾಂತರ ರೂಪಾಯಿ ಕಟ್ಟಿರುತ್ತಾರೆ. ಅವರಿಗೆ ಅರ್ಧ ಗಂಟೆ ಕೊಡಿ. ಆಹಾರದ ಪಟ್ಟಿಯನ್ನು, ಅಪಾಯದ ಲಕ್ಷಣಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಿ. ಅದರಲ್ಲಿ ಬ್ರೊಕೊಲಿ ಸೂಪಿನ ಬದಲು ಬೇಳೆ ಕಟ್ಟು ಇರಲಿ. "ಸಿಸ್ಟರ್‌ಗಳಿಗೆ ಪುರಸತ್ತೆಲ್ಲಿ?" ಎನ್ನುವವರಿದ್ದಾರೆ. ತಪ್ಪು ಊಟದಿಂದ ಮರಳಿ ದಾಖಲಾಗುವ ಒಬ್ಬ ರೋಗಿಗೆ ಹಿಡಿಯುವ ಪುರಸತ್ತು ಇದರ ಹತ್ತು ಪಟ್ಟು.

ಮನೆಗೆ ಹೊರಡುವ ಮುನ್ನ ಕೇಳಿ

ಆಸ್ಪತ್ರೆ ತಾನಾಗಿ ಹೇಳದಿದ್ದರೆ ನೀವೇ ಕೇಳಿ. ಸಂಕೋಚ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

1. ಮುಂದಿನ ಎಂಟು ವಾರ, ಯಾವ ವಾರ ಏನು, ಎಷ್ಟು? ನಮ್ಮ ಮನೆಯ ಅಡುಗೆಯ ಹೆಸರುಗಳಲ್ಲಿ ಹೇಳಿ.

2. ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಪುಡಿ ಮಾಡಿ ಕೊಡಬಹುದು, ಯಾವುದನ್ನು ಪುಡಿ ಮಾಡಬಾರದು? ನೋವಿಗೆ ಯಾವ ಮಾತ್ರೆ?

3. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಮನೆಯಲ್ಲೂ ಬೇಕೆ? ಎಷ್ಟು ದಿನ, ಕೊಡುವವರು ಯಾರು?

4. ಯಾವ ಲಕ್ಷಣ ಕಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು? ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆಯೇ?

5. ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂ, ಬಿ-12 ಯಾವಾಗಿನಿಂದ? (ಎಷ್ಟು ಕಾಲ ಎಂಬುದಕ್ಕೆ ಉತ್ತರ ಸಾಮಾನ್ಯವಾಗಿ "ಜೀವನಪೂರ್ತಿ".) ರಕ್ತಪರೀಕ್ಷೆ ಯಾವಾಗ?

6. ಹೆರಿಗೆಯ ವಯಸ್ಸಿನ ಹೆಣ್ಣುಮಗಳಾದರೆ, ಮುಂದಿನ ಗರ್ಭಧಾರಣೆಗೆ ಎಷ್ಟು ಕಾಲ ಕಾಯಬೇಕು? ವರ್ಷದಿಂದ ಒಂದೂವರೆ ವರ್ಷ ಎಂಬುದು ಸಾಮಾನ್ಯ ಸಲಹೆ. ತೂಕ ಇಳಿದಂತೆ ಗರ್ಭ ನಿಲ್ಲುವ ಸಂಭವ ಹೆಚ್ಚುವುದರಿಂದ ಇದನ್ನು ಮರೆಯಬಾರದು.

ಈ ಆರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಬಿಲ್ಲು ಕಟ್ಟಿ ಹೊರಡಿ. ಊರಿಗೆ ಬಂದ ಮಾರನೆಯ ದಿನ ಆ ಪತ್ರವನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಅವರು ಬೈದರೆ ಬೈಯಲಿ, ಮುಂದೊಂದು ರಾತ್ರಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಶಿಕ್ಷಕಿ ಈಗ 80 ಕಿಲೋ ಇದ್ದಾರೆ. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಮುಂದುವರಿದಿದೆ. ಶಾಲೆಯ ಮೊದಲ ಮಹಡಿಯಲ್ಲಿ ಪಾಠ ಮಾಡುತ್ತಾರೆ. ಎಲ್ಲವೂ ಸಲೀಸಾಗಿತ್ತೆಂದು ಹೇಳಲಾರೆ. ಕೂದಲು ಉದುರಿತ್ತು, ಒಂದು ಸಲ ರಕ್ತಹೀನತೆಯೂ ಆಗಿತ್ತು. ಆಕೆಯ ತಾಯಿ ಮಾತ್ರ ಈಗ ನಮ್ಮೂರಿನಲ್ಲಿ ಈ ವಿಷಯದ ತಜ್ಞೆ. ಯಾರಿಗೆ ಈ ಶಸ್ತ್ರಚಿಕಿತ್ಸೆಯಾದರೂ ಅವರ ಮನೆಗೆ ಹೋಗಿ ಕಟ್ಟು ಸೋಸುವುದನ್ನು ತೋರಿಸಿ ಬರುತ್ತಾರೆ.

ಹೋದ ವರ್ಷ ನಾನು ಮತ್ತೊಬ್ಬ ರೋಗಿಯನ್ನು ನೋಡಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಈ ಸಲ ಬರಿಗೈಯಲ್ಲೇ ಹೋದೆ. ಅವರ ಕೈ ಹಿಡಿದು ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಾಲ್ಕು ಸುತ್ತು ನಡೆಸಿ, ಮಂಚಕ್ಕೆ ಬಿಟ್ಟು ಬಂದೆ. ನಿಮ್ಮವರು ಯಾರಾದರೂ ಆ ಮಂಚದ ಮೇಲಿದ್ದರೆ ನೀವೂ ಹಾಗೇ ಮಾಡಿ.